ಕಿಟಕಿಯ ಹೊರಮೈ ಒರೆಸುವವರು ಯಾರು?

ಮಹಾಲಯ ಅಮಾವಾಸ್ಯೆ ಹತ್ತಿರ ಬಂತೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಮನೆಗಳಲ್ಲಿ ಗದ್ದಲ ಶುರುವಾಗುತ್ತದೆ. ಮಹಾನವಮಿಯ ಘಟ ಕೂರಿಸುವುದರೊಳಗೆ ಒಗೆಯದ ಬಟ್ಟೆ, ಬೆಳಗದ ಪಾತ್ರೆ ಉಳಿಯುವಂತಿಲ್ಲ. ಕೌದಿ, ಜಮಖಾನೆಗಳು ಗಂಟು ಕಟ್ಟಿಸಿಕೊಂಡು ಹೊಳೆಗೋ ಕಾಲುವೆಗೋ ಹೊರಡುತ್ತವೆ. ಅಟ್ಟದ ಮೇಲಿನ ಹಿತ್ತಾಳೆ ಹಂಡೆ ಕೆಳಗಿಳಿದು ಹುಣಸೆಹಣ್ಣಿನ ಕೈಗೆ ಸಿಗುತ್ತದೆ. ಜೇಡರ ಬಲೆಗೆ ಉದ್ದ ಕೋಲಿಗೆ ಕಟ್ಟಿದ ಕಸಬರಿಗೆ ಬೀಳುತ್ತದೆ. ಇಷ್ಟೆಲ್ಲ ಮುಗಿದು ಮೈಕೈ ಸೋತ ಮೇಲೆ ಉಳಿಯುವುದು ಕಿಟಕಿ.

ಗೋಕಾಕದ ಯಾವುದೇ ಮಹಡಿ ಮನೆಯಲ್ಲಿ ಆ ಹೊತ್ತು ಕಾಣುವ ನೋಟ ಇದು. ನಾಲ್ಕಡಿ ಅಗಲ, ಮೂರಡಿ ಎತ್ತರದ ಕಿಟಕಿ. ಹೊರಕ್ಕೆ ತೆರೆಯುವ ಎರಡು ಗಾಜಿನ ಕದ, ಒಳಮಗ್ಗುಲಿಗೆ ಗೋಡೆಯಲ್ಲಿ ಹೂತ ಕಬ್ಬಿಣದ ಗ್ರಿಲ್. ಸೊಸೆ ಒಂದು ಕದ ಹಾಕಿ, ಇನ್ನೊಂದನ್ನು ತೆರೆದು, ಗ್ರಿಲ್ಲಿನ ಸಂದಿಯಲ್ಲಿ ಕೈ ತೂರಿಸಿ, ಮೊಣಕೈ ಮಡಚಿ, ಹಾಕಿದ ಕದದ ಹೊರಮೈಯನ್ನು ಒದ್ದೆ ಬಟ್ಟೆಯಿಂದ ಸವರುತ್ತಾಳೆ. ಅರ್ಧ ಗಾಜಿನವರೆಗೆ ಕೈ ಹೋಗುತ್ತದೆ. ಮುಂದೆ ಹೋಗಬೇಕೆಂದರೆ ತೋಳು ಸರಳಿಗೆ ಒತ್ತಿ ಕೆಂಪಾಗುತ್ತದೆ. ಕೆಳಗಿನಿಂದ ಅತ್ತೆಯ ಕೂಗು: “ಬಿಡ ಯವ್ವಾ, ಸಾಕ. ಆ ಮೂಲಿ ಯಾರ್ ನೋಡ್ತಾರ?” ಆ ಮೂಲೆ ಹಾಗೇ ಉಳಿಯುತ್ತದೆ. ಮರುವರ್ಷವೂ ಉಳಿಯುತ್ತದೆ. ಊರಿನ ಎಷ್ಟೋ ಕಿಟಕಿಗಳ ಗಾಜಿನಲ್ಲಿ ಕೈ ಮುಟ್ಟಿದಷ್ಟು ಜಾಗ ತಿಳಿಯಾಗಿ, ಮುಟ್ಟದಷ್ಟು ಜಾಗ ಮಬ್ಬಾಗಿ, ನಡುವೆ ಬಿಲ್ಲಿನಂಥ ಗೆರೆ ಮೂಡಿರುವುದು ಇದೇ ಕಾರಣಕ್ಕೆ.

ಜರ್ಮನಿಯ ಮ್ಯೂನಿಕ್‌ನಲ್ಲೋ ಸ್ಟುಟ್‌ಗಾರ್ಟ್‌ನಲ್ಲೋ ಬಾಡಿಗೆ ಮನೆ ಹಿಡಿದ ಕನ್ನಡದ ಹೆಣ್ಣುಮಗಳಿಗೆ ಈ ಕಷ್ಟ ಇಲ್ಲ. ಐದನೆಯ ಮಹಡಿಯಲ್ಲಿದ್ದರೂ ಆಕೆ ಕಿಟಕಿಯ ಹಿಡಿಕೆ ಅಡ್ಡ ತಿರುಗಿಸಿ ಕದವನ್ನು ಕೋಣೆಯೊಳಕ್ಕೆ ಎಳೆದುಕೊಂಡರೆ ಮುಗಿಯಿತು. ಹೊರಮೈ ತಾನಾಗಿ ಎದುರಿಗೆ ಬಂದು ನಿಲ್ಲುತ್ತದೆ. ಲಂಡನ್ನಿನಲ್ಲಿರುವ ಆಕೆಯ ತಂಗಿಗೆ ಅದೇ ಕೆಲಸಕ್ಕೆ ಉದ್ದ ಕೋಲು ಹಿಡಿದ ಕೆಲಸಗಾರ ಬೇಕು. ಸಿಂಗಪುರದಲ್ಲಿರುವ ಅಣ್ಣನ ಮನೆಯಲ್ಲಿ, ಕೆಲಸದಾಕೆಯ ಕೈಯಿಂದ ಕಿಟಕಿಯ ಹೊರಮೈ ಒರೆಸಿಸುವುದಕ್ಕೆ ಕಾನೂನಿನ ಷರತ್ತುಗಳಿವೆ. ಕಿಟಕಿ ಎಲ್ಲ ಕಡೆಯೂ ಗೋಡೆಯ ತೂತೇ. ಅದು ತೆರೆಯುವ ರೀತಿ ಮಾತ್ರ ದೇಶದಿಂದ ದೇಶಕ್ಕೆ ಏಕೆ ಇಷ್ಟು ಬೇರೆ?

ಬಿಜಾಗ್ರಿಯ ಲೆಕ್ಕ

ಮೊದಲು ಕದದ ಚಲನೆಯನ್ನೇ ನೋಡಬೇಕು. ಹೊರಕ್ಕೆ ತೆರೆಯುವ ಕದಕ್ಕೆ ಒಂದು ವಿಚಿತ್ರ ಗುಣವಿದೆ: ತೆರೆದಷ್ಟೂ ಅದರ ಹೊರಮೈ ಕೈಯಿಂದ ಆಚೆ ತಿರುಗುತ್ತದೆ. ಪೂರ್ತಿ ತೆರೆದಾಗ ಒಳಗಿರುವವರಿಗೆ ಕಾಣುವುದು ಅದೇ ಒಳಮೈ. ಧೂಳು, ಮಳೆ, ಹಕ್ಕಿಯ ಹಿಕ್ಕೆ ಎಲ್ಲ ಕೂತಿರುವ ಮೈ ಕೈಗೆ ಸಿಗದಂತೆ ಆಚೆಗೆ ತಿರುಗಿರುತ್ತದೆ. ಒಳಕ್ಕೆ ತೆರೆಯುವ ಕದದ್ದು ಇದರ ತಿರುವುಮುರುವು. ಕೊಳೆಯಾದ ಮೈಯೇ ಕೋಣೆಯೊಳಗೆ ಬರುತ್ತದೆ.

ಹಾಗಾದರೆ ಎಲ್ಲರೂ ಒಳಕ್ಕೇ ತೆರೆಯಿಸಬಹುದಿತ್ತಲ್ಲ? ಅಲ್ಲಿ ಬೇರೆ ತೊಡಕುಗಳಿವೆ. ಒಳಕ್ಕೆ ಬರುವ ಕದ ಕೋಣೆಯ ಜಾಗ ತಿನ್ನುತ್ತದೆ. ಪರದೆಗೆ ತೊಡರುತ್ತದೆ. ಕಿಟಕಿಯ ಕಟ್ಟೆ ಮೇಲಿಟ್ಟ ತುಳಸಿ ಕುಂಡ, ಮಕ್ಕಳ ಪುಸ್ತಕ, ಔಷಧಿ ಡಬ್ಬಿ ಎಲ್ಲವನ್ನೂ ಪ್ರತಿ ಸಲ ಎತ್ತಿಡಬೇಕಾಗುತ್ತದೆ. ಮಳೆಯ ದೃಷ್ಟಿಯಿಂದಲೂ ಹೊರಕ್ಕೆ ತೆರೆಯುವುದೇ ಸರಳ. ಗಾಳಿ ಬೀಸಿದಷ್ಟೂ ಹಾಕಿದ ಕದ ಚೌಕಟ್ಟಿಗೆ ಬಿಗಿಯಾಗಿ ಒತ್ತಿಕೊಳ್ಳುತ್ತದೆ, ನೀರು ಹೊರಗೇ ಜಾರುತ್ತದೆ. ಒಳಕ್ಕೆ ತೆರೆಯುವ ಕದವನ್ನು ಅದೇ ಗಾಳಿ ಚೌಕಟ್ಟಿನಿಂದ ಬಿಡಿಸುವ ಕಡೆಗೆ ತಳ್ಳುತ್ತದೆ. ಅದಕ್ಕೆ ರಬ್ಬರಿನ ಪಟ್ಟಿ, ನೀರು ಹೊರಹರಿಸುವ ತೋಡು, ಮೂರ್ನಾಲ್ಕು ಕಡೆ ಒಟ್ಟಿಗೆ ಬೀಳುವ ಚಿಲಕ ಎಲ್ಲ ಬೇಕು. ನಮ್ಮೂರ ಬಡಿಗನ ಉಳಿ, ಕೈಗರಗಸದಲ್ಲಿ ಅಷ್ಟು ಬಿಗಿ ಬರುವುದು ಕಷ್ಟ. ಆ ಬಿಗಿಗೆ ಕಾರ್ಖಾನೆಯ ಅಳತೆಯೇ ಬೇಕು.

ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಕಿಟಕಿ ಯಾವತ್ತೂ ಒಂಟಿಯಲ್ಲ. ಅದರ ಜೊತೆಗೆ ಸರಳು ಇರುತ್ತದೆ, ಇಲ್ಲವೇ ಸೊಳ್ಳೆ ಜಾಳಿ, ಬಿಸಿಲಿನ ಮರೆ, ಪರದೆ. ಈ ಜೊತೆಗಾರ ಗೋಡೆಯ ಯಾವ ಮಗ್ಗುಲಿಗೆ ಕೂತಿದ್ದಾನೆ ಎಂಬುದರ ಮೇಲೆ ಕದ ಯಾವ ಕಡೆ ಹೋಗಬೇಕೆಂಬುದು ನಿರ್ಧಾರವಾಗುತ್ತದೆ. ದೇಶ ದೇಶದ ಕಿಟಕಿಗಳ ಹಿಂದೆ ಇರುವುದು ಮುಖ್ಯವಾಗಿ ಈ ಲೆಕ್ಕ. ಒರೆಸುವವರು ಈ ಲೆಕ್ಕದಲ್ಲಿ ಬಂದರೆ ಕೊನೆಗೆ ಬರುತ್ತಾರೆ.

ಬೆಳಕಿಂಡಿಯಿಂದ ಗಾಜಿನವರೆಗೆ

ಘಟಪ್ರಭಾ ನದಿ ಹರಿಯುವ ಈ ಸೀಮೆಯ ಹಳೆಯ ಮನೆಗಳಲ್ಲಿ ಗಾಜು ಒರೆಸುವ ಪ್ರಶ್ನೆಯೇ ಇರಲಿಲ್ಲ, ಗಾಜೇ ಇರಲಿಲ್ಲ. ಕಲ್ಲು ಮಣ್ಣಿನ ದಪ್ಪ ಗೋಡೆ, ಮೇಲೆ ಜಂತಿ ಹಾಸಿ ಮಣ್ಣು ಬಡಿದ ಮಾಳಿಗೆ. ಬೇಸಿಗೆಯಲ್ಲಿ ನಲವತ್ತು ಡಿಗ್ರಿಯ ಹತ್ತಿರ ಹೋಗುವ ಬಿಸಿಲನ್ನು ತಡೆಯುವುದು ಆ ದಪ್ಪವೇ. ಗೋಡೆಯಲ್ಲಿ ದೊಡ್ಡ ಕಿಟಕಿ ಇಟ್ಟರೆ ಬಿಸಿಗಾಳಿಯೂ ಬರುತ್ತದೆ, ಕಳ್ಳನೂ ಬರುತ್ತಾನೆ. ಆದ್ದರಿಂದ ಕಿಟಕಿ ಸಣ್ಣದು, ಎತ್ತರದಲ್ಲಿ, ಅಡ್ಡಕ್ಕೆ ಎರಡು ಮೂರು ಸರಳು, ಹಲಗೆಯ ಕದ. ಬೆಳಕಿಗೆ ಮಾಳಿಗೆಯಲ್ಲೇ ಒಂದು ತೂತು. ಅದೇ ಬೆಳಕಿಂಡಿ. ಹಗಲು ಅಡುಗೆಮನೆಗೆ ಅದೇ ದೀಪ, ಒಲೆಯ ಹೊಗೆಗೆ ಅದೇ ದಾರಿ. ಮಳೆ ಬಂದರೆ ಯಾರಾದರೂ ನಿಚ್ಚಣಿಕೆ ಹತ್ತಿ ಕಲ್ಲು ಚಪ್ಪಡಿಯನ್ನೋ ತಗಡನ್ನೋ ಮುಚ್ಚಿ ಬರಬೇಕು. ಅದಕ್ಕೆ ಸ್ವಚ್ಛತೆ ಅಂದರೆ ವರ್ಷಕ್ಕೊಮ್ಮೆ ಮಸಿ ಜಾಡಿಸಿ ಸುತ್ತ ಸುಣ್ಣ ಬಳಿಯುವುದು.

ಇನ್ನೂ ಹಿಂದಕ್ಕೆ ಹೋದರೆ ಕದವೇ ಇಲ್ಲದ ಕಿಟಕಿಗಳು. ಐಹೊಳೆಯ ಲಾಡಖಾನ್ ಗುಡಿಯ ಗೋಡೆಗಳಲ್ಲಿ ಕಲ್ಲನ್ನೇ ಕೊರೆದು ಮಾಡಿದ ಜಾಲಂಧ್ರಗಳಿವೆ. ವಿಜಯಪುರದ ಇಬ್ರಾಹಿಂ ರೋಜಾದಲ್ಲಿ ಕಿಟಕಿಯ ಕಲ್ಲಿನ ಜಾಳಿಯನ್ನು ಅರಬ್ಬಿ ಅಕ್ಷರಗಳಿಂದಲೇ ಕಂಡರಿಸಿದ್ದಾರೆ. ಅದೇ ಆದಿಲಶಾಹಿ ಕಾಲದ ನೆನಪಾಗಿ ನಿಂತ ಹುಕ್ಕೇರಿಯ ಗುಮ್ಮಟಗಳಲ್ಲೂ ಗಾಳಿ ಬೆಳಕಿಗೆ ಕಮಾನುಗಳೇ ಗತಿ. ಇಂಥ ಕಿಟಕಿ ತೆರೆಯುವುದೂ ಇಲ್ಲ, ಮುಚ್ಚುವುದೂ ಇಲ್ಲ. ಗಾಳಿ ಅದನ್ನು ಗುಡಿಸುತ್ತದೆ, ಮಳೆ ತೊಳೆಯುತ್ತದೆ.

ಹೊರಕ್ಕೆ ತೆರೆಯುವ ಗಾಜಿನ ಕದ ಈ ಕಡೆ ಬಲವಾಗಿ ಬೇರೂರಿದ್ದು ಬ್ರಿಟಿಷರ ಕಾಲದ ಸರ್ಕಾರಿ ಕಟ್ಟಡಗಳ ಮಾದರಿಯಿಂದ. ಪ್ರವಾಸಿ ಬಂಗಲೆ, ಕಚೇರಿ, ಶಾಲೆಗಳಲ್ಲಿ ಎತ್ತರದ ಚೌಕಟ್ಟು, ಒಳಗೆ ಸರಳು, ಹೊರಗೆ ಕದ, ಮೇಲೆ ಬಿಸಿಗಾಳಿ ಹೋಗಲು ವೆಂಟಿಲೇಟರ್. ಆಮೇಲೆ ಇಂಗ್ಲೆಂಡಿನ ಕ್ರಿಟಾಲ್ ಕಂಪನಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹುಟ್ಟುಹಾಕಿದ ಉಕ್ಕಿನ ಕಿಟಕಿಯ ಪರಂಪರೆ ಭಾರತಕ್ಕೂ ಬಂತು. ಸಣ್ಣ ಉಕ್ಕಿನ ಪಟ್ಟಿಗಳ ಚೌಕಟ್ಟು, ಅದರಲ್ಲಿ ಪುಟ್ಟ ಪುಟ್ಟ ಗಾಜು. ಭಾರತೀಯ ಮಾನಕ ಸಂಸ್ಥೆ ಉಕ್ಕಿನ ಬಾಗಿಲು ಕಿಟಕಿಗಳಿಗಾಗಿ ಐಎಸ್ 1038, ಮರದ ಕದಗಳಿಗೆ ಐಎಸ್ 1003, ಅಲ್ಯೂಮಿನಿಯಂ ಕಿಟಕಿಗಳಿಗೆ ಐಎಸ್ 1948 ಎಂದು ಅಳತೆಗಳನ್ನು ಗೊತ್ತುಮಾಡಿತು. ಸರ್ಕಾರಿ ಕ್ವಾರ್ಟರ್ಸ್‌ನಲ್ಲಿ ಬೆಳೆದವರಿಗೆಲ್ಲ ಆ ಉಕ್ಕಿನ ಕಿಟಕಿಯ ಕಿರ್ ಎನ್ನುವ ಸದ್ದು, ಗಾಜು ಹಿಡಿದಿಟ್ಟ ಪುಟ್ಟಿ ಒಣಗಿ ಉದುರುವುದು ನೆನಪಿರುತ್ತದೆ.

ಈ ಬದಲಾವಣೆಯಲ್ಲಿ ಸರಳು ಮಾತ್ರ ತನ್ನ ಜಾಗ ಬಿಡಲಿಲ್ಲ. ಕಳ್ಳ, ಕೋತಿ, ಕಿಟಕಿ ಕಟ್ಟೆ ಹತ್ತುವ ಮಗು, ಈ ಮೂವರ ಭಯಕ್ಕೂ ಅದೇ ಉತ್ತರ. ಗೌಂಡಿ ಗೋಡೆ ಕಟ್ಟುವಾಗಲೇ ಚೌಕಟ್ಟಿನ ಜೊತೆಗೆ ಅದು ಒಳಗೆ ಕೂತುಬಿಡುತ್ತದೆ. ಒಳಗೆ ಸರಳು ಬಂದ ಮೇಲೆ ಕದಕ್ಕೆ ಹೊರಗಿನ ದಾರಿಯೊಂದೇ. ನೆಲಮಹಡಿಯ ಮನೆಗಳಷ್ಟೇ ಇರುವವರೆಗೆ ಇದರಿಂದ ತೊಂದರೆ ಇರಲಿಲ್ಲ. ಕೊಡ ನೀರು, ಒಂದು ಬಟ್ಟೆ ತೆಗೆದುಕೊಂಡು ಅಂಗಳಕ್ಕೆ ಹೋಗಿ ನಿಂತರೆ ಹೊರಮೈ ಕಣ್ಣಳತೆಗೇ ಸಿಗುತ್ತಿತ್ತು. ಮನೆಯ ಮೇಲೆ ಮನೆ ಏರಿದ ಮೇಲೆ ಅಂಗಳ ಹದಿನೈದು ಅಡಿ ಕೆಳಗೆ ಉಳಿಯಿತು. ಕಿಟಕಿ ಮಾತ್ರ ಅದೇ ಮಾದರಿಯದು.

ಮೂರು ದೇಶ, ಮೂರು ಉತ್ತರ

ಇಂಗ್ಲೆಂಡಿನ ಹಳೆಯ ಬೀದಿಗಳ ಕಿಟಕಿ ತೆರೆಯುವುದಿಲ್ಲ, ಏರಿಳಿಯುತ್ತದೆ. ಹದಿನೇಳನೆಯ ಶತಮಾನದ ಕೊನೆಯ ಹೊತ್ತಿಗೆ ಅಲ್ಲಿ ಬಳಕೆಗೆ ಬಂದ ಸ್ಯಾಷ್ ಕಿಟಕಿಯಲ್ಲಿ ಒಂದರ ಹಿಂದೊಂದು ಎರಡು ಗಾಜಿನ ಚೌಕ. ಚೌಕಟ್ಟಿನೊಳಗೆ ಅಡಗಿಸಿಟ್ಟ ಭಾರದ ಗುಂಡು, ಹಗ್ಗ, ಗಾಲಿಗಳಿಂದ ಅವು ಮೇಲೆ ಕೆಳಗೆ ಜಾರುತ್ತವೆ. ಇಕ್ಕಟ್ಟಿನ ಬೀದಿಗೆ ಕದ ಚಾಚುವುದಿಲ್ಲ, ಗಾಳಿಗೆ ಬಡಿದುಕೊಳ್ಳುವುದಿಲ್ಲ. ಒರೆಸುವುದು ಮಾತ್ರ ಪ್ರಾಣಸಂಕಟ. ಮನೆಗೆಲಸದ ಹುಡುಗಿಯರು ಕೆಳಗಿನ ಚೌಕ ಎತ್ತಿ, ಹೊರಗಿನ ಕಟ್ಟೆಯ ಮೇಲೆ ನಿಂತು ಗಾಜು ಒರೆಸುತ್ತಿದ್ದರು. ಇದು ಎಷ್ಟು ಸಾಮಾನ್ಯವಾಗಿತ್ತೆಂದರೆ 1847ರ ಪಟ್ಟಣ ಪೊಲೀಸ್ ಕಾಯಿದೆಯಲ್ಲಿ, ನೆಲಮಾಳಿಗೆಯ ಕಿಟಕಿಯನ್ನು ಬಿಟ್ಟು ಬೇರಾವುದೇ ಕಿಟಕಿಯ ಕಟ್ಟೆಯ ಮೇಲೆ ಆಳನ್ನು ನಿಲ್ಲಿಸಿ ಒರೆಸಿಸುವುದೇ ಅಪರಾಧ ಎಂದು ಬರೆಯಬೇಕಾಯಿತು. ಸ್ಕಾಟ್ಲೆಂಡಿನಲ್ಲಿ ಇದೇ ಕಿಟಕಿಗೆ ಬಿಜಾಗ್ರಿ ಸೇರಿಸಿ, ಕೆಳಗಿನ ಚೌಕ ಬೇಕಾದಾಗ ಒಳಕ್ಕೂ ತೆರೆಯುವಂತೆ ಮಾಡಿಕೊಂಡರು. ಅಮೆರಿಕದಲ್ಲಿ ಏರಿಳಿಯುವ ಕಿಟಕಿ ಉಳಿಯಲು ಇನ್ನೊಂದು ಬೆಂಬಲ ಸಿಕ್ಕಿತು: ಸೊಳ್ಳೆ ಜಾಳಿ. ಜಾಳಿ ಹೊರಗೆ ಕೂತರೆ ಕದ ಹೊರಕ್ಕೆ ಹೋಗುವಂತಿಲ್ಲ, ಏರಿಳಿಯುವುದಕ್ಕೆ ಅಡ್ಡಿಯಿಲ್ಲ. ಈಗಿನ ಅಮೆರಿಕನ್ ಕಿಟಕಿಗಳ ಗಾಜಿನ ಚೌಕವನ್ನು ಒರೆಸುವುದಕ್ಕಾಗಿ ಒಳಕ್ಕೆ ವಾಲಿಸಬಹುದು.

ಜರ್ಮನಿ, ಫ್ರಾನ್ಸ್ ಕಡೆಯವರ ದಾರಿ ಬೇರೆ. ಅಲ್ಲಿ ಬಿಸಿಲು, ಚಳಿ, ಕಳ್ಳ ಮೂರಕ್ಕೂ ಮರೆಯಾಗುವ ಹಲಗೆ ಅಥವಾ ಸುರುಳಿ ಬಾಗಿಲು ಗೋಡೆಯ ಹೊರಗಿರುತ್ತದೆ. ಹೊರಗಿನ ಜಾಗ ಅದು ಹಿಡಿದ ಮೇಲೆ ಗಾಜಿನ ಕದ ಒಳಕ್ಕೇ ಬರಬೇಕು. ನಮ್ಮಲ್ಲಿ ಸರಳು ಒಳಗೆ ಕೂತು ಕದವನ್ನು ಹೊರಗೆ ತಳ್ಳಿತು, ಅಲ್ಲಿ ಮರೆ ಹೊರಗೆ ಕೂತು ಕದವನ್ನು ಒಳಗೆ ಕರೆಯಿತು. ಜರ್ಮನಿಯ ವಿಲ್ಹೆಲ್ಮ್ ಫ್ರಾಂಕ್ 1935ರಲ್ಲಿ ಇದಕ್ಕೆ ಹೊಸ ತಿರುವು ಕೊಟ್ಟರು. ಅವರ ಕಬ್ಬಿಣದ ಜೋಡಣೆಯಿಂದ ಒಂದೇ ಕದ ಎರಡು ರೀತಿ ತೆರೆಯುವುದು ಸಾಧ್ಯವಾಯಿತು. ಹಿಡಿಕೆ ಕೆಳಗಿದ್ದರೆ ಕಿಟಕಿ ಭದ್ರ, ಅಡ್ಡ ತಿರುಗಿಸಿದರೆ ಬಾಗಿಲಿನಂತೆ ಒಳಕ್ಕೆ, ಮೇಲಕ್ಕೆ ತಿರುಗಿಸಿದರೆ ಮೇಲಿನ ಅಂಚಷ್ಟೇ ಒಳಕ್ಕೆ ವಾಲುತ್ತದೆ. ಭಾರತದಿಂದ ಹೊಸದಾಗಿ ಹೋದವರು ಮೊದಲ ಸಲ ಇದನ್ನು ವಾಲಿಸಿದಾಗ ಕದ ಕಿತ್ತು ಬಂತೆಂದು ಹೆದರುವುದುಂಟು. ದಿನಕ್ಕೆ ಎರಡು ಸಲ ಕಿಟಕಿ ಪೂರ್ತಿ ತೆರೆದು ಗಾಳಿಯಾಡಿಸುವುದು ಅಲ್ಲಿ ಮನೆಯೊಡೆಯರು ಬಾಡಿಗೆದಾರರಿಂದ ನಿರೀಕ್ಷಿಸುವ ಶಿಸ್ತು. ಇಲ್ಲದಿದ್ದರೆ ಚಳಿಗಾಲದಲ್ಲಿ ಗೋಡೆಗೆ ಬೂಷ್ಟು ಹಿಡಿಯುತ್ತದೆ.

ಮೂರನೆಯದು ಜಪಾನ್. ಕಾಗದದ ಶೋಜಿ ಬಾಗಿಲುಗಳನ್ನು ತೋಡಿನಲ್ಲಿ ಪಕ್ಕಕ್ಕೆ ಸರಿಸುತ್ತಿದ್ದ ಆ ನಾಡಿಗೆ ಗಾಜು, ಅಲ್ಯೂಮಿನಿಯಂ ಬಂದಾಗಲೂ ಸರಿಸುವ ರೂಢಿಯೇ ಮುಂದುವರಿಯಿತು. ಹೊರಗೆ ಜಾರುವ ಸೊಳ್ಳೆ ಜಾಳಿ, ಅದರಾಚೆ ಬಟ್ಟೆ ಒಣಗಿಸುವ ಮೊಗಸಾಲೆ. ಮೊಗಸಾಲೆ ಇದ್ದಲ್ಲಿ ಹೊರಗೆ ನಿಂತೇ ಒರೆಸಬಹುದು. ವರ್ಷದ ಕೊನೆಯಲ್ಲಿ ಅಲ್ಲಿ ಓಸೋಜಿ ಎಂಬ ಮಹಾಸ್ವಚ್ಛತೆ ನಡೆಯುತ್ತದೆ. ನಮ್ಮ ಮಹಾನವಮಿಯ ಗದ್ದಲಕ್ಕೆ ಅದು ಹತ್ತಿರದ ನೆಂಟ.

ಒರೆಸುವವರನ್ನು ನೇರವಾಗಿ ಎದುರಿಗಿಟ್ಟುಕೊಂಡು ಕಿಟಕಿ ಮಾಡಿದವರು ಉತ್ತರ ಯುರೋಪಿನವರು. ಗಾಳಿ ಮಳೆಯ ನಾರ್ವೆ, ಡೆನ್ಮಾರ್ಕ್‌ಗಳಲ್ಲಿ ಕದ ಹೊರಕ್ಕೇ ತೆರೆಯಬೇಕು. ಆದರೆ ಮೇಲಂತಸ್ತಿನ ಗಾಜೂ ಒರೆಸಬೇಕು. ಅದಕ್ಕಾಗಿ ಕದ ತೆರೆಯುತ್ತಾ ಪೂರ್ತಿ ಮಗುಚಿಕೊಂಡು ಹೊರಮೈ ಒಳಗೆ ಬರುವಂಥ ಬಿಜಾಗ್ರಿ ಮಾಡಿದರು. ಡೆನ್ಮಾರ್ಕಿನ ವಿಲಮ್ ಕಾನ್ ರಾಸ್ಮುಸೆನ್ 1940ರ ದಶಕದ ಆರಂಭದಲ್ಲಿ ಕಟ್ಟಿದ ವೆಲಕ್ಸ್ ಸಂಸ್ಥೆಯ ಚಾವಣಿ ಕಿಟಕಿಯದೂ ಇದೇ ಗುಣ: ನಡುವಿನ ತಿರುಗಣಿಯ ಮೇಲೆ ಗಾಜು ಮಗುಚಿ, ಆಕಾಶ ನೋಡುತ್ತಿದ್ದ ಮೈ ಕೋಣೆಗೆ ತಿರುಗುತ್ತದೆ. ನಿಚ್ಚಣಿಕೆ ಹಾಕಿ ಮಾಳಿಗೆ ಹತ್ತದೆ ಒರೆಸಬಹುದಾದ ಬೆಳಕಿಂಡಿ ಅದು.

ಕಾನೂನು ಬಂದದ್ದು ಬಿದ್ದ ಮೇಲೆ

ಕದದ ದಿಕ್ಕು ಬರೀ ರೂಢಿಯ ಮಾತಾಗಿ ಉಳಿಯುವುದು ನೆಲಮಹಡಿಯವರೆಗೆ. ಎತ್ತರಕ್ಕೆ ಹೋದಂತೆ ಅದು ಜೀವದ ಮಾತಾಗುತ್ತದೆ. ಸಿಂಗಪುರದಲ್ಲಿ ಬಹುಮಹಡಿ ಮನೆಗಳ ಕಿಟಕಿಗಳೂ ಹೊರಕ್ಕೆ ತೆರೆಯುವಂಥವೇ ಹೆಚ್ಚು. ಅಲ್ಯೂಮಿನಿಯಂ ರಿವೆಟ್ ಸವೆದು ಕದಗಳು ಬೀದಿಗೆ ಬೀಳತೊಡಗಿದಾಗ 2004ರಲ್ಲಿ ಅವನ್ನು ತೆಗೆದು ಸ್ಟೇನ್‌ಲೆಸ್ ಸ್ಟೀಲ್ ರಿವೆಟ್ ಹಾಕಿಸುವುದು ಕಡ್ಡಾಯವಾಯಿತು. ಕಿಟಕಿ ಒರೆಸುತ್ತಿದ್ದ ವಿದೇಶಿ ಮನೆಗೆಲಸದ ಹೆಂಗಸರು ಮೇಲಿನಿಂದ ಬಿದ್ದು ಸತ್ತ ಪ್ರಕರಣಗಳು ಹೆಚ್ಚಿದಾಗ 2012ರಲ್ಲಿ ಇನ್ನೊಂದು ನಿಯಮ ಬಂತು. ಕಿಟಕಿಗೆ ಗ್ರಿಲ್ ಇದ್ದು ಅದಕ್ಕೆ ಬೀಗ ಬಿದ್ದಿರಬೇಕು, ಮನೆಯ ಹಿರಿಯರೊಬ್ಬರು ಎದುರಿಗಿರಬೇಕು. ಎರಡೂ ಇದ್ದರೆ ಮಾತ್ರ ಹೊರಮೈ ಒರೆಸಲು ಹೇಳಬಹುದು. ಹಾಂಗ್‌ಕಾಂಗ್ 2017ರಿಂದ ಮನೆಗೆಲಸದವರ ಕರಾರುಪತ್ರದಲ್ಲೇ ಇಂಥ ಷರತ್ತು ಸೇರಿಸಿತು. ತೋಳು ಬಿಟ್ಟು ಮೈಯ ಬೇರಾವ ಭಾಗವೂ ಕಿಟಕಿಯಿಂದ ಹೊರಗೆ ಹೋಗಕೂಡದು.

1847ರ ಇಂಗ್ಲೆಂಡಿನ ಕಾಯಿದೆಗೂ 2017ರ ಹಾಂಗ್‌ಕಾಂಗ್ ಕರಾರಿಗೂ ನಡುವೆ 170 ವರ್ಷ. ಎರಡರಲ್ಲೂ ಕಟ್ಟೆಯ ಮೇಲಿರುವವಳು ಮನೆಯ ಒಡತಿಯಲ್ಲ, ಕೆಲಸದ ಹೆಣ್ಣುಮಗಳು. ನಮ್ಮ ಗ್ರಿಲ್ಲಿನ ವಿಷಯದಲ್ಲಿ ಇಲ್ಲೊಂದು ಮಾತು ನ್ಯಾಯವಾಗಿ ಹೇಳಬೇಕು. ಗೋಕಾಕದ ಸೊಸೆಯ ತೋಳನ್ನು ಒತ್ತುವ ಅದೇ ಸರಳು ಆಕೆಯನ್ನು ಬೀಳದಂತೆ ಹಿಡಿದಿದೆ. ಹಾಂಗ್‌ಕಾಂಗ್‌ನವರು ಷರತ್ತು ಹಾಕಿ ತರಿಸಿಕೊಂಡದ್ದು ಇಲ್ಲಿ ಕಳ್ಳನ ಭಯದಿಂದ ಮೊದಲೇ ಬಂದಿತ್ತು.

ಗಾಜೇ ಗೋಡೆಯಾದ ಕಡೆ ಕದದ ಪ್ರಶ್ನೆಯನ್ನೇ ಬಿಟ್ಟುಬಿಡುತ್ತಾರೆ. ಕನ್ನಡಿಗರೂ ಸಾಕಷ್ಟಿರುವ ದುಬೈಯ ಬುರ್ಜ್ ಖಲೀಫಾಕ್ಕೆ 24,000ಕ್ಕೂ ಹೆಚ್ಚು ಗಾಜಿನ ಹಲಗೆಗಳಿವೆ. ಹಗ್ಗ, ತೊಟ್ಟಿಲುಗಳಲ್ಲಿ ಇಳಿಯುವ ಕೆಲಸಗಾರರಿಗೆ ಒಂದು ಸುತ್ತು ಒರೆಸಲು ಸುಮಾರು ಮೂರು ತಿಂಗಳು ಹಿಡಿಯುತ್ತದೆ.

ಕಬ್ಬಿನ ಸೀಮೆಯ ಧೂಳು

ಮತ್ತೆ ಘಟಪ್ರಭೆಗೆ ಬಂದರೆ, ಇಲ್ಲಿಯ ಕಿಟಕಿಗೆ ಬೀಳುವ ಕೊಳೆಗೂ ಒಂದು ಪಂಚಾಂಗವಿದೆ. ಕಾಲುವೆ ನೀರು ಬಂದ ಮೇಲೆ ಮೂಡಲಗಿ, ಗೋಕಾಕ, ಹುಕ್ಕೇರಿಯ ಹೊಲಗಳು ಕಬ್ಬಿಗೆ ತಿರುಗಿದವು. ದೀಪಾವಳಿಯ ಆಸುಪಾಸಿಗೆ ಕಬ್ಬು ನುರಿಸುವ ಹಂಗಾಮು ಶುರುವಾದರೆ ಬೇಸಿಗೆ ಹೊಸ್ತಿಲಿಗೆ ಬರುವವರೆಗೆ ಟ್ರ್ಯಾಕ್ಟರುಗಳ ಸಾಲು, ಎರೆಮಣ್ಣಿನ ಧೂಳು. ಕಟಾವಾದ ಹೊಲದಲ್ಲಿ ಕಬ್ಬಿನ ಒಣಗರಿಗೆ, ಅಂದರೆ ರವದಿಗೆ, ಬೆಂಕಿ ಇಟ್ಟಾಗ ಕರಿ ಎಳೆಗಳು ಗಾಳಿಯಲ್ಲಿ ತೇಲಿ ಬಂದು ಒಣಹಾಕಿದ ಬಟ್ಟೆಯ ಮೇಲೂ ಕಿಟಕಿಯ ಮೇಲೂ ಕೂರುತ್ತವೆ. ಸಕ್ಕರೆ ಕಾರ್ಖಾನೆಯ ಬಾಯ್ಲರಿನ ಬೂದಿಯೂ ಗಾಳಿಯ ದಿಕ್ಕು ನೋಡಿ ಊರಿಗೆ ಬರುತ್ತದೆ. ಬೆಳಗಿನ ಮಂಜಿಗೆ ಇದೆಲ್ಲ ಅಂಟಿಕೊಂಡರೆ ಗಾಜಿನ ಮೇಲೆ ಕರಿ ಪದರ.

ಈ ಬೂದಿಯಲ್ಲಿ ಮರಳಿನ ಅಂಶವಾದ ಸಿಲಿಕಾ ಹೆಚ್ಚು. ಒಣಬಟ್ಟೆಯಿಂದ ತಿಕ್ಕಿದರೆ ಗಾಜಿಗೆ ಗೀರು ಬೀಳುತ್ತದೆ. ಮೊದಲು ಮೆತ್ತನೆಯ ಬ್ರಷ್‌ನಿಂದ ಉದುರಿಸಿ, ನೀರು ಹೊಯ್ದು, ಆಮೇಲೆ ಒರೆಸಬೇಕು. ಕೊಳವೆಬಾವಿಯ ಗಡಸು ನೀರನ್ನು ಹಾಗೇ ಆರಲು ಬಿಟ್ಟರೆ ಬಿಳಿ ಚುಕ್ಕೆ ಉಳಿಯುತ್ತದೆ, ರದ್ದಿ ಪೇಪರಿನಿಂದ ಒಡನೆಯೇ ಒರೆಸಿ ತೆಗೆಯುವ ಹಳೆಯ ರೂಢಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಆದರೆ ನೀರು ಹೊಯ್ದು ಒರೆಸಬೇಕೆಂದರೆ ಹೊರಮೈ ಕೈಗೆ ಸಿಗಬೇಕಲ್ಲ?

ಜಾರುವ ಕಿಟಕಿಯ ಹೊಸ ಕಾಲ

2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದ ತಗ್ಗಿನ ಬಡಾವಣೆಗಳಿಗೂ ನದಿ ದಂಡೆಯ ಹಳ್ಳಿಗಳಿಗೂ ನೀರು ನುಗ್ಗಿತು. ಬೆಳಗಾವಿ ಜಿಲ್ಲೆಯಲ್ಲಿ ಮಣ್ಣಿನ ಗೋಡೆಯ ಮನೆಗಳು ದೊಡ್ಡ ಸಂಖ್ಯೆಯಲ್ಲಿ ಕುಸಿದವು. ಪೂರ್ತಿ ಬಿದ್ದ ಮನೆಗೆ ರಾಜ್ಯ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ಬಿದ್ದ ಮಾಳಿಗೆಯ ಜೊತೆ ಎಷ್ಟೋ ಬೆಳಕಿಂಡಿಗಳೂ ಹೋದವು. ಎದ್ದ ಹೊಸ ಮನೆಗಳಿಗೆ ಸಿಮೆಂಟಿನ ಛಾವಣಿ, ಫ್ಯಾಬ್ರಿಕೇಶನ್ ಅಂಗಡಿಯ ಕಿಟಕಿ. ಪ್ರವಾಹದ ಊರುಗಳಲ್ಲಷ್ಟೇ ಅಲ್ಲ, ಮೂಡಲಗಿಯ ಹೊಸ ಲೇಔಟಿನಿಂದ ಸಂಕೇಶ್ವರದ ಹೆದ್ದಾರಿ ಬದಿಯವರೆಗೆ ಈಗ ಕಟ್ಟುವವರ ಬಾಯಲ್ಲಿ ಒಂದೇ ಮಾತು: ಸ್ಲೈಡಿಂಗ್. ಅಲ್ಯೂಮಿನಿಯಂ ಆಗಲಿ, ಯುಪಿವಿಸಿ ಆಗಲಿ, ಎರಡು ಗಾಜು, ಒಂದು ಜಾಳಿ, ಮೂರು ಹಳಿ.

ಇದಕ್ಕೆ ಕಾರಣ ಇಲ್ಲದಿಲ್ಲ. ಗೆದ್ದಲು ಹಿಡಿಯುವುದಿಲ್ಲ, ಮಳೆಗೆ ಉಬ್ಬುವುದಿಲ್ಲ, ಗಾಳಿಗೆ ಕದ ಬಡಿದು ಗಾಜು ಒಡೆಯುವುದಿಲ್ಲ, ಸೊಳ್ಳೆ ಜಾಳಿಗೆ ತನ್ನದೇ ದಾರಿ ಇದೆ. ಸಾಗವಾನಿಯ ಈಗಿನ ಬೆಲೆ ಕೇಳಿದವರಿಗೆ ಉಳಿತಾಯವನ್ನು ವಿವರಿಸಬೇಕಾಗಿಲ್ಲ.

ಆದರೆ ಗಾಳಿಯ ಲೆಕ್ಕದಲ್ಲಿ ಇದು ಸೋಲುತ್ತದೆ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಒಣ ಬಿಸಿ ಹವೆಯ ಊರುಗಳಲ್ಲಿ ಕಿಟಕಿಗಳ ವಿಸ್ತೀರ್ಣ ಕೋಣೆಯ ನೆಲದ ಹತ್ತನೆಯ ಒಂದು ಭಾಗವಾದರೂ ಇರಬೇಕು, ತೇವದ ಬಿಸಿ ಊರುಗಳಲ್ಲಿ ಆರನೆಯ ಒಂದು ಭಾಗ. ಹತ್ತಡಿ ಹನ್ನೆರಡಡಿಯ ಕೋಣೆಗೆ ಹತ್ತನೆಯ ಒಂದರಂತೆ 12 ಚದರಡಿ, ಅಂದರೆ ನಾಲ್ಕಡಿ ಮೂರಡಿಯ ಒಂದು ಕಿಟಕಿ. ಬಿಜಾಗ್ರಿಯ ಕದವಾದರೆ ಅಷ್ಟೂ ಜಾಗ ತೆರೆಯುತ್ತದೆ. ಜಾರುವ ಗಾಜಾದರೆ ಒಂದು ಇನ್ನೊಂದರ ಹಿಂದೆ ನಿಲ್ಲುವುದರಿಂದ ಅರ್ಧ ಯಾವಾಗಲೂ ಮುಚ್ಚೇ ಇರುತ್ತದೆ. ಗಾಳಿಗೆ ಸಿಗುವುದು 6 ಚದರಡಿ.

ಇನ್ನು ಒರೆಸುವ ವಿಷಯ. ಕೊಳೆಯ ಠಿಕಾಣಿ ಗಾಜಿನಿಂದ ಹಳಿಗೆ ಬದಲಾಗುತ್ತದೆ, ಅಷ್ಟೇ. ಎರೆಮಣ್ಣಿನ ಧೂಳು, ರವದಿ ಬೂದಿ, ಸತ್ತ ದೀಪದ ಹುಳು ಎಲ್ಲ ಹಳಿಯ ತೋಡಿಗೆ ಬಂದು ಬೀಳುತ್ತವೆ. ಮೊದಲ ಮಳೆಗೆ ಅದು ಕೆಸರಾಗಿ, ಬಿಸಿಲಿಗೆ ಗಟ್ಟಿ ಗಾರೆಯಾಗುತ್ತದೆ. ಗಾಜು ಜಾರುವ ಬದಲು ಕೀರಲು ಹಿಡಿಯುತ್ತದೆ. ಹಳಿಯ ಹೊರ ಅಂಚಿನಲ್ಲಿ ಮಳೆನೀರು ಹೋಗಲೆಂದು ಬೆರಳುಗುರಿನಷ್ಟು ಕಿಂಡಿಗಳಿರುತ್ತವೆ. ಎಷ್ಟೋ ಮನೆಯವರಿಗೆ ಅವು ಇರುವುದೇ ಗೊತ್ತಿಲ್ಲ. ಕಿಂಡಿ ಕಟ್ಟಿದರೆ ನೀರು ಒಳಗೋಡೆಗೆ ಇಳಿದು ಗಿಲಾವು ಉಬ್ಬುತ್ತದೆ. ದೋಷವೆಲ್ಲ ಗೌಂಡಿಯ ತಲೆಗೆ. ಹಳೆಯ ಟೂತ್‌ಬ್ರಷ್, ಒಂದು ಕಡ್ಡಿ, ಅರ್ಧ ತಂಬಿಗೆ ನೀರು ಹಿಡಿದು ತಿಂಗಳಿಗೊಮ್ಮೆ ಕೂತರೆ ಹತ್ತು ನಿಮಿಷದ ಕೆಲಸ ಅದು.

ಜಾರುವ ಕಿಟಕಿಗೆ ಒಂದು ದೊಡ್ಡ ಅನುಕೂಲವಿದ್ದರೂ ಅದು ಗ್ರಿಲ್ ಎಲ್ಲಿ ಕೂತಿದೆ ಎಂಬುದರ ಮೇಲೆ ನಿಂತಿದೆ. ಗಾಜಿನ ಚೌಕವನ್ನು ಸ್ವಲ್ಪ ಎತ್ತಿ ಹಳಿಯಿಂದ ಬಿಡಿಸಿ ಒಳಗೆ ತೆಗೆದುಕೊಳ್ಳಬಹುದು, ಬಚ್ಚಲಿಗೆ ಒಯ್ದು ಎರಡೂ ಮೈ ತೊಳೆಯಬಹುದು. ಇದು ಸಾಧ್ಯವಾಗುವುದು ಗ್ರಿಲ್ ಹೊರಮಗ್ಗುಲಿಗೆ ಇದ್ದರೆ ಮಾತ್ರ. ಜಾರುವ ಗಾಜಿಗೆ ಹೊರಗೆ ಚಾಚುವ ಕದವೇ ಇಲ್ಲದಿರುವಾಗ ಗ್ರಿಲ್ಲನ್ನು ಹೊರಗೆ ಹಾಕಲು ಯಾವ ಅಡ್ಡಿಯೂ ಇಲ್ಲ. ಹಾಗಿದ್ದೂ ಹಳೆಯ ರೂಢಿಯ ಒತ್ತಡಕ್ಕೆ ಹಲವೆಡೆ ಅದನ್ನು ಒಳಗೇ ಹೂಳುತ್ತಾರೆ. ಗಾಜು ಹೊಸದು, ತೋಳಿನ ಕಷ್ಟ ಹಳೆಯದೇ.

ಇಷ್ಟೆಲ್ಲ ನೋಡಿದ ಮೇಲೆ, ಈ ಮೂರು ತಾಲ್ಲೂಕಿನ ಹವೆಗೆ ಜರ್ಮನಿಯ ಕಿಟಕಿಯನ್ನು ತಂದು ಕೂರಿಸುವುದೇ ಪರಿಹಾರ ಎನ್ನಲಾಗದು. ಅದು ದುಬಾರಿ, ಒಳಜಾಗ ತಿನ್ನುತ್ತದೆ, ಸರಳಿನ ಭದ್ರತೆಗೆ ಬೇರೆ ದಾರಿ ಹುಡುಕಬೇಕಾಗುತ್ತದೆ. ಬಿಜಾಗ್ರಿಯ ಹೊರಗದವೇ ಬೇಸಿಗೆಯ ಗಾಳಿಗೂ ಮುಂಗಾರಿನ ಇರಚಲಿಗೂ ಇಲ್ಲಿ ಒಪ್ಪುತ್ತದೆ. ತಪ್ಪಿರುವುದು ಕದದಲ್ಲಲ್ಲ, ಅಲುಗಾಡದ ಗ್ರಿಲ್ಲಿನಲ್ಲಿ.

ಮನೆ ಕಟ್ಟಿಸುವವರು ವೆಲ್ಡಿಂಗ್ ಅಂಗಡಿಗೆ ಹೋದಾಗ ಮೂರು ಮಾತು ಹೇಳಿದರೆ ಸಾಕು. ಮಹಡಿಯ ಪ್ರತಿ ಕೋಣೆಯ ಒಂದು ಕಿಟಕಿಯಲ್ಲಾದರೂ ಗ್ರಿಲ್ಲಿನ ಅರ್ಧ ಭಾಗಕ್ಕೆ ಬಿಜಾಗ್ರಿ ಹಾಕಿ, ಒಳಗಿನಿಂದ ಬೀಗ ಹಾಕುವಂತೆ ಮಾಡಿಸಿ. ಬೆಂಕಿ ಬಿದ್ದಾಗ, ನೀರು ನುಗ್ಗಿದಾಗ ಹೊರಗೆ ಹೋಗಲೂ ಅದೇ ದಾರಿ. ಆದರೆ ಒರೆಸುವುದಕ್ಕಾಗಿ ಅದನ್ನು ತೆರೆದು ಯಾರೂ ಕಟ್ಟೆಯ ಮೇಲೆ ನಿಲ್ಲದಿರಲಿ, ತೋಳಷ್ಟೇ ಹೊರಗೆ ಹೋಗಲಿ. ಹೊರಗದಕ್ಕೆ ಸಾದಾ ಬಿಜಾಗ್ರಿಯ ಬದಲು, ತೆರೆದಾಗ ಕದವನ್ನು ಚೌಕಟ್ಟಿನಿಂದ ನಾಲ್ಕೈದು ಇಂಚು ದೂರ ಸರಿಸುವ ಬಿಜಾಗ್ರಿ ಕೇಳಿ. ಆ ಸಂದಿಯಲ್ಲಿ ಕೈ ಹಾಕಿದರೆ ಹೊರಮೈ ಸಿಗುತ್ತದೆ. ಸ್ಲೈಡಿಂಗ್ ಹಾಕಿಸುವುದಾದರೆ ಗ್ರಿಲ್ ಹೊರಗಿರಲಿ. ಈ ಮೂರನ್ನೂ ಹೇಳುವ ಮೊದಲು, ಆ ಮನೆಯಲ್ಲಿ ಮಹಾನವಮಿಗೆ ಕಿಟಕಿ ಒರೆಸುವವರು ಯಾರೋ ಅವರನ್ನು ಒಮ್ಮೆ ಅಂಗಡಿಗೆ ಕರೆದುಕೊಂಡು ಹೋಗಿ, ಅವರ ತೋಳಿನ ಅಳತೆ ಕೊಡಿಸಿ.